ಎರಡು ಅಂಕದ ಪ್ರಶ್ನೆ

‘ದಾರ ಕಟ್ಟಿ ತಿರುಗಿಸುತ್ತಿರುವ ಕಲ್ಲು
ದಾರ ಕಡಿದಾಗ ಯಾವ ದಿಕ್ಕಿಗೆ ಚಲಿಸುತ್ತದೆ?’
ಪ್ರಶ್ನೆ ಏಳು, ಎರಡು ಅಂಕ.
‘ಹಕ್ಕಿ ಇದ್ದ ಕಡಿಗಿ’ ಅಂತ ಬರೆದಿದ್ದಳು
ಒಂಬತ್ತನೇ ‘ಬಿ’ಯ ಅಂಬಮ್ಮ.
ರಾತ್ರಿ ಹನ್ನೊಂದರ ನಿದ್ದೆಗಣ್ಣಲ್ಲೂ ನಗು ಬಂತು.
ಕೆಂಪು ಪೆನ್ನಿನಲ್ಲಿ ಒಂದು ಸೊನ್ನೆ ಸುತ್ತಿ
ಮುಂದಿನ ಪೇಪರಿಗೆ ಹೋದೆ.

ಮರುದಿನ, ಕವಿತಾಳದ ಶಾಲೆ, ಮೂರನೇ ಪಿರಿಯಡ್ಡು.
ಬೋರ್ಡಿನ ಮೇಲೆ ಡಬ್ಬಿಯ ಮುಚ್ಚಳವಿಟ್ಟು ಗೀಚಿದ ವೃತ್ತ,
ನಡುವಿಗೆ ಮುಖ ಮಾಡಿದ ಒಂದೇ ಬಾಣ.
‘ಹಿಡಿದಿರುವ ತನಕ ಕಲ್ಲಿಗೆ ಈ ದುಂಡು ದಾರಿ.
ಬಿಟ್ಟರೆ?’
ನಲವತ್ತೆರಡರಲ್ಲಿ ನಲವತ್ತೊಂದು ಕೈ
ನಡುವಿನಿಂದ ಹೊರಕ್ಕೆ ಚಾಚಿದವು,
ಚಿಕ್ಕ ಮಕ್ಕಳು ಬರೆಯುವ ಸೂರ್ಯನ ಕಿರಣಗಳ ಹಾಗೆ.

ಅವರ ತಪ್ಪೇನು.
ರಾಯಚೂರಿನಿಂದ ದಿನಾ ಬಸ್ಸಿಗೆ ಬರುವ ನನಗೂ
ಸಿರವಾರದ ತಿರುವಿನಲ್ಲಿ ಯಾರೋ ದೂಡಿದಂತೆಯೇ ಅನಿಸುತ್ತದೆ;
ಪಕ್ಕದವರ ಭುಜಕ್ಕೆ ಬಿದ್ದು ‘ತಪ್ಪಾಯ್ತ್ರಿ’ ಅನ್ನುತ್ತೇನೆ.
ಯಾರೂ ದೂಡಿರುವುದಿಲ್ಲ.
ಬಸ್ಸು ತಿರುಗಿದೆ, ನಾನು ನೆಟ್ಟಗೆ ಹೊರಟಿದ್ದೇನೆ, ಅಷ್ಟೆ.
ಹನ್ನೊಂದು ವರ್ಷ ಇದನ್ನೇ ಕಲಿಸಿದರೂ
ಮೈ ಇನ್ನೂ ನಂಬಿಲ್ಲ.

ಹಿಂದಿನ ಬೆಂಚಿನಿಂದ ದನಿ:
‘ಹಂಗ ಹೋಗಂಗಿಲ್ರಿ ಸರ್.
ಎದುರಿನ ಹಕ್ಕಿಗಿ ಹೊಡಿಬೇಕಂದ್ರ
ಕಲ್ಲು ಬಲಕ್ಕ ಇದ್ದಾಗ ಬಿಡಬೇಕ್ರಿ.
ಎದುರಿಗೆ ಬಂದ ಮ್ಯಾಲ ಬಿಟ್ರ
ಎಡಗಡಿ ಖಾಜಾಸಾಬ್ ಕಾಕಾನ ಹೊಲಕ್ಕ ಬಿದ್ದು
ಬೈಸ್ಕಬೇಕಾಗ್ತದ್ರಿ.’

ಚೀಲದ ತಳದಿಂದ ಹೊರಬಂತು ಕವಣಿ:
ಸೆಣಬಿನ ಎರಡು ಎಳೆ,
ನಡುವೆ ಹೆಣೆದ ಅಂಗೈಯಗಲದ ತೊಟ್ಟಿಲು,
ಎರೆಮಣ್ಣು ನಾದಿ ಒಣಗಿಸಿದ ನಾಲ್ಕು ಉಂಡಿ.
ಬೆಳಿಗ್ಗೆ ಆರರಿಂದ ಒಂಬತ್ತು
ಹಾಲುಗಾಳಿನ ಜೋಳದ ನಡುವೆ, ಅಟ್ಟದ ಮೇಲೆ
ಇವಳ ಪಿರಿಯಡ್ಡು ನನಗಿಂತ ಮೊದಲೇ ಶುರುವಾಗಿ
ಅಲ್ಲೇ ಮುಗಿದೂ ಹೋಗಿರುತ್ತದೆ.
‘ತಡ ಮಾಡಿದಿ’ ಅಂತ ಬಾಗಿಲಲ್ಲಿ ನಿಲ್ಲಿಸಿದ ದಿನಗಳು
ಎಷ್ಟೋ, ಹಾಜರಿ ಪುಸ್ತಕದಲ್ಲಿಲ್ಲ.

ಬಯಲಿಗೆ ಬಂದೆವು.
ಒಂದೆಳೆಯ ಕುಣಿಕೆ ನಡುಬೆರಳಿಗೆ,
ಇನ್ನೊಂದರ ಗಂಟು ಹೆಬ್ಬೆರಳ ಅಡಿಗೆ.
ತಲೆಯ ಮೇಲೆ ಸುಂಯ್, ಸುಂಯ್.
ಮೂರನೇ ಸುತ್ತಿಗೆ ಗಂಟು ಬಿಟ್ಟಳು.
ಉಂಡಿ ಹೊರಟಿತು
ವೃತ್ತದ ಮೈ ಸವರಿದ ಗೆರೆ ಹಿಡಿದು,
ತಿರುಗಿದ್ದೆಲ್ಲ ಮರೆತಂತೆ ನೆಟ್ಟಗೆ.
ಆಮೇಲೆ ನೆಲದ ನೆನಪಾಗಿ
ಬಾಗಿ,
ಇನ್ನೂ ಬಾಗಿ,
ಕಾಂಪೌಂಡಿನಾಚೆ ಜಾಲಿಯ ಬುಡದಲ್ಲಿ ಪುಡಿಯಾಯಿತು.

‘ಕೈ ಬಿಟ್ಟ ಮ್ಯಾಲೂ ಮುಂದ ಹೊಂಟಿತ್ತಲ್ರಿ ಸರ್,
ಯಾರು ದೂಡಿದ್ರು?’ ಅಂದ ಮೌನೇಶ.
ಯಾರೂ ಇಲ್ಲಪ್ಪ.
ಮುಂದಿನ ಓಟ ಅದು ಕೈಯಲ್ಲಿದ್ದಾಗ ಗಳಿಸಿದ್ದು,
ಕೆಳಗಿನ ಸೆಳೆತ ನೆಲದ್ದು.
ಮೂರನೆಯವರಿಲ್ಲ.
ಗಾಳಿಯನ್ನು ಸದ್ಯಕ್ಕೆ ಬಿಡು.

ಕೈಬಿಡುವುದು ಅಂದರೆ
ಒಳ್ಳೆಯ ಮಾತಲ್ಲ ಅಂತಲೇ ತಿಳಿದಿದ್ದೆ ಇಷ್ಟು ದಿನ.
ಅಂಬಮ್ಮನ ಬೆರಳಿನಲ್ಲಿ
ಬರಿದಾದ ಕವಣಿ ಇನ್ನೂ ತೂಗುತ್ತಿತ್ತು.

ನನ್ನ ಸರದಿ.
ಸುತ್ತಿದೆ, ಬಿಟ್ಟೆ.
ಎಡಕ್ಕಿದ್ದ ಹೆಡ್ಮಾಸ್ತರರ ಕೋಣೆಯ ತಗಡು
ಡಬ್ ಎಂದಿತು.
‘ತಡ ಮಾಡಿದ್ರಿ ಸರ್’ ಅಂದಳು ಅಂಬಮ್ಮ,
ಬಾಗಿಲಲ್ಲಿ ನಾನನ್ನುವ ಅದೇ ಧಾಟಿಯಲ್ಲಿ.
ನಲವತ್ತೊಂದು ಬಾಯಿ ನಕ್ಕವು. ಬೆಲ್ಲಾಯಿತು.

ಸಂಜೆ ಬಸ್ಸಿನಲ್ಲಿ ಅವಳ ಪೇಪರು ಮತ್ತೆ ತೆಗೆದೆ.
ಪ್ರಶ್ನೆ ಏಳು.
ನಿನ್ನೆಯ ಸೊನ್ನೆ ಕೂಡಿಕೊಂಡೇ ಇರಲಿಲ್ಲ.
ಅವಸರಕ್ಕೆ, ಸುತ್ತು ಮುಗಿಯುವ ಮೊದಲೇ
ಪೆನ್ನು ಎತ್ತಿದ್ದೆ;
ಅಲ್ಲಿಂದ ಕೂದಲಿನಷ್ಟು ಸಣ್ಣ ಕೆಂಪು ಎಳೆಯೊಂದು
ಅಂಚಿನ ಗೆರೆ ದಾಟಿ
ನೆಟ್ಟಗೆ ಹೊರಟುಹೋಗಿತ್ತು.

ಅದರ ತುದಿಗೆ ಎರಡು ಅಂಕ ಬರೆದೆ.
ತಿರುವು ಬಂತು. ಅಕ್ಷರ ಸೊಟ್ಟಾಯಿತು.