ಕೊಟ್ಟೆಯ ಮೂಲೆ

ಬೈತಖೋಲದ ನಮ್ಮ ಓಣಿಯಲ್ಲಿ
ಅಂಗಿ ಹಾಕುವ ಹಗ್ಗಕ್ಕೆ ಹಾಲಿನ ಕೊಟ್ಟೆಗಳೂ ನೇತಾಡುತ್ತವೆ,
ಬಾಯಿ ಕೆಳಗಾಗಿ, ನೀರಿಳಿಸುತ್ತ.
ಪ್ರಾಚಿಯ ಕಾರಭಾರು. ಐದನೇ ಇಯತ್ತೆ.
ತೊಳೆಯದೆ ಒಯ್ದರೆ ಗುಜರಿಯ ಮಕ್ಬೂಲ್ ಭಾಯಿ
ತಕ್ಕಡಿ ಎತ್ತುವುದಿಲ್ಲವಂತೆ.
ಓಣಿಯ ಏಳು ಮಕ್ಕಳ ಕಂಪನಿ ಅದು,
ಬಂದ ದುಡ್ಡಿಗೆ ಕೇರಂ ಬೋರ್ಡಿನ ಕನಸು.

"ಬಂಗಡೆ ಒಣಗಿಸಿದ ಹಾಗಿದೆಯಲ್ಲೇ" ಎಂದು
ಪಕ್ಕದ ಶೇವಂತಿ ನಕ್ಕಳು. ಅತ್ತೆ ನಗಲಿಲ್ಲ.
"ಒಣಗಿದ್ದಕ್ಕೆ ಹುಳ ಬೀಳೋದಿಲ್ಲ.
ಶೆಟ್ಲಿಗೂ ಅದೇ, ಇದಕ್ಕೂ ಅದೇ."

ನನಗೂ ಮಗಳಿಗೂ ಜಗಳ ಒಂದೇ:
ಮೂಲೆ ಪೂರಾ ಕತ್ತರಿಸಬಾರದಂತೆ,
ಅರ್ಧ ಸೀಳಿ, ಅಂಟಿಕೊಂಡಿರಲು ಬಿಡಬೇಕಂತೆ.
ನಸುಕಿಗೆ ದಕ್ಕೆಗೆ ಓಡುವ ಅವಸರ,
ಒಲೆಯ ಮೇಲೆ ಚಹಾ,
ನಾನು ಹಲ್ಲಿನಲ್ಲೇ ಕಚ್ಚಿ ಥೂ ಎಂದು ಉಗಿಯುವವಳು.
ಉಗುರಿನಷ್ಟು ಚೂರು. ಅದಕ್ಕೇನು ತೂಕ?

ಮೊನ್ನೆ ಮೀನುಪೇಟೆಯಲ್ಲಿ, ಗಿರಾಕಿಯ ಕಣ್ಣೆದುರೇ,
ಇಸ್ವಾಣದ ಹೊಟ್ಟೆ ಸೀಳಿದೆ.
ಕರುಳಿನ ಮಡಿಕೆಯಲ್ಲಿ ನೀಲಿ ತ್ರಿಕೋನ.
ಹಲ್ಲಿನ ಗುರುತು ಇತ್ತೋ ಇಲ್ಲವೋ,
ನೋಡುವ ಧೈರ್ಯವಾಗಲಿಲ್ಲ.
ಮುಷ್ಟಿಯಲ್ಲಿ ಮುಚ್ಚಿದೆ.
ಕೇಳದಿದ್ದರೂ ಇಪ್ಪತ್ತು ರೂಪಾಯಿ ಬಿಟ್ಟೆ.

ಮನೆಯಲ್ಲಿ ಯಾರಿಗೂ ಹೇಳಲಿಲ್ಲ.
ಸೆರಗಿನ ಗಂಟು ಬಿಚ್ಚಿ, ಚೂರನ್ನು ತೊಳೆದು,
ಅವಳ ಹಗ್ಗಕ್ಕೆ ಸಿಕ್ಕಿಸಿದೆ,
ಅದಕ್ಕಿಂತ ದೊಡ್ಡದಾದ ಕ್ಲಿಪ್ಪಿನಲ್ಲಿ.
ಶಾಲೆಯಿಂದ ಬಂದವಳು ಕೊಟ್ಟೆ ಎಣಿಸಿದಳು.
ಮತ್ತೆ ಎಣಿಸಿದಳು.
ಕ್ಲಿಪ್ಪಿಗೆ ಮೂಗು ತಾಗುವಷ್ಟು ಹತ್ತಿರ ನಿಂತಳು,
ನನ್ನ ಮುಖ ನೋಡಿದಳು, ಏನೂ ಕೇಳಲಿಲ್ಲ.

ಬುಧವಾರ ಶೇವಂತಿ ಬಂದಳು,
ಒಂದು ಕೈಯಲ್ಲಿ ತುಂಬಿದ ಕೊಟ್ಟೆ, ಇನ್ನೊಂದರಲ್ಲಿ ಕತ್ತರಿ.
"ಎಲ್ಲಿವರೆಗೆ ಸೀಳಬೇಕೇ ಇದನ್ನ?"
ಪ್ರಾಚಿ ಬಾಯಿ ತೆರೆಯುವುದರೊಳಗೆ
ನನ್ನ ಬೆರಳು ಮುಂದಾಯಿತು:
ಇಲ್ಲಿವರೆಗೆ. ಮುಂದೆ ಹೋಗಬೇಡ.