ಹಗ್ಗದೇಣಿ

ಫೆರೋ ದ್ವೀಪಗಳ ಈ ಕೊನೆಯಲ್ಲಿ, ಹ್ವಾನ್ನಸುಂಡಿನಲ್ಲಿ
ಬಾಗಿಲಿಗೆ ಯಾರೂ ಬೀಗ ಹಾಕುವುದಿಲ್ಲ.
ಚಿಲಕ ಇರುವುದು ಗಾಳಿಗೆ.
ಪಕ್ಕದ ಮನೆಯ ಬೆರ್ಗ್ಲ್ಯೋತ್ ನಾನಿಲ್ಲದಾಗ ಬಂದು
ಕಾಫಿ ಕಾಸಿಕೊಂಡು ಕುಡಿದು
ಲೋಟ ತೊಳೆದು ಬೋರಲು ಹಾಕಿ ಹೋಗುತ್ತಾಳೆ.
ಬೋರಲು ಲೋಟ ಕಂಡರೆ ಗೊತ್ತು: ಬಂದಿದ್ದಳು.

ಇವತ್ತು ರಾತ್ರಿ ಒಂದು ಗಂಟೆಗೆ
ಶೀತಲಗೃಹದ ಕಂಪ್ಯೂಟರಿಗೆ ಬುದ್ಧಿ ಕೆಟ್ಟಿದೆ.
ಸೊನ್ನೆಯ ಕೆಳಗೆ ಹದಿನೆಂಟು ಇರಬೇಕಾದ ಚಳಿ
ಹನ್ನೊಂದಕ್ಕೆ ಬಂದು ಕೂತಿದೆ.
ಒಳಗೆ ನಲವತ್ತು ಟನ್ ಕಾಡ್ ಮೀನು.
ರಿಪೇರಿಯ ಹೋಗ್ನಿ ದಕ್ಷಿಣದ ದ್ವೀಪದಲ್ಲಿ,
ನಡುವೆ ಹಡಗು ಬಿಡದ ಸಮುದ್ರ.

"ಏನಾದರೊಂದು ಹಾಕಿಕೋ ಸುನ್ವೋರ್,
ಇಲ್ಲಿಂದಲೇ ಒಳಗೆ ಬರುತ್ತೇನೆ."

ಏನಾದರೊಂದು!
ಹುಡುಕಿದರೆ ಹದಿನಾಲ್ಕು ಬಗೆ.
ಒಂದು ಪುಕ್ಕಟೆ. ಯಾಕೆ ಪುಕ್ಕಟೆ ಎಂದು ಬಾಯಿ ಬಿಡದು.
ಒಂದು ಹೋದ ವರ್ಷ ಹೆಸರು ಬದಲಿಸಿಕೊಂಡಿತು,
ಆ ವರ್ಷ ಏನಾಯಿತೆಂದು ಕೇಳಬಾರದು.
ಒಂದು ಹಸಿರು ಬೀಗದ ಚಿತ್ರವನ್ನು ಏಳು ಸಲ ತೋರಿಸಿತು;
ಏಳು ಸಲ ಆಣೆ ಇಡುವವನನ್ನು
ನನ್ನಜ್ಜಿ ದೋಣಿಗೆ ಹತ್ತಿಸುತ್ತಿರಲಿಲ್ಲ.
ಇನ್ನೊಂದರ ಒಳಗನ್ನು ಯಾರು ಬೇಕಾದರೂ ಓದಬಹುದಂತೆ.
ಸರಿ, ಓದಿದವರು ಯಾರು?
ನನಗೆ ಮೀನಿನ ಲೆಕ್ಕ ಬರುತ್ತದೆ, ಆ ಲಿಪಿ ಬರುವುದಿಲ್ಲ.

ಕ್ಲಾಕ್ಸ್‌ವೀಕಿನ ಮುದುಕ ಸಾಕಾರಿಸ್‌ಗೆ
ಬ್ಯಾಂಕಿನವರೆಂದು ಫೋನು ಬಂದಿತ್ತು, ಒಳ್ಳೆಯ ಡ್ಯಾನಿಶ್‌ನಲ್ಲಿ.
ಒಂಬತ್ತು ಅಂಕಿ ಓದಿ ಹೇಳಿದ,
ಕನ್ನಡಕ ಹಾಕಿಕೊಂಡು, ತಪ್ಪಾಗದ ಹಾಗೆ.
ಆಮೇಲೆ ಪರದೆಯ ಮೇಲೆ ಬಾಣ ತಾನಾಗಿ ನಡೆಯಿತು.
"ನನ್ನ ಕೈ ತೊಡೆಯ ಮೇಲಿತ್ತು" ಅನ್ನುತ್ತಾನೆ ಈಗಲೂ,
ಕೇಳಿದವರಿಗೂ ಕೇಳದವರಿಗೂ ಕೈ ತೋರಿಸುತ್ತ,
"ನೋಡಿ, ಇಲ್ಲೇ ಇತ್ತು."
ದೋಣಿ ಮಾರಿ ಕೂಡಿಟ್ಟದ್ದು
ಯಾವ ರೇವು ಸೇರಿತೋ.

ಬೀಗಕ್ಕೆ ಕೈ ಇರುತ್ತದೆ,
ಅದಕ್ಕೇ ಬೀಗದ ಕೈ ಅನ್ನುವುದು.
ಕಬ್ಬಿಣದ್ದಾದರೆ ಮೊಳೆಗೆ ನೇತುಹಾಕಬಹುದು,
ಕಳೆದರೆ ಮಂಚದಡಿ ಹುಡುಕಬಹುದು.
ಈ ಕೈ ಒಮ್ಮೆ ಬಾಯಿಂದ ಹೊರಟರೆ
ಎಷ್ಟು ಕೈಗಳಾಗುತ್ತದೋ ಎಣಿಸಿದವರಿಲ್ಲ.

ಅಪ್ಪ ಬಂದರಿನ ಪೈಲಟ್ ಆಗಿದ್ದ.
ಹೊರನಾಡಿನ ಹಡಗು ಕೊಲ್ಲಿಯ ಬಾಯಲ್ಲಿ ನಿಂತು
ಪಕ್ಕೆಯಿಂದ ಹಗ್ಗದೇಣಿ ಇಳಿಬಿಡುವುದು.
ಅಪ್ಪ ಹತ್ತುವನು. ಅಲ್ಲಿಂದ ಚುಕ್ಕಾಣಿ ಅವನ ಮಾತಿಗೆ,
ಬಂಡೆ ಎಲ್ಲಿ, ಸುಳಿ ಎಲ್ಲಿ, ಅವನಿಗೇ ಗೊತ್ತು.
ಕಪ್ತಾನ ಮಾತ್ರ ಪಕ್ಕದಲ್ಲೇ ನಿಂತಿರುತ್ತಿದ್ದ
ಟೀ ಹೀರುತ್ತ, ಕಣ್ಣು ಅಪ್ಪನ ಮೇಲಿಟ್ಟು.
"ನನ್ನ ಮೇಲೆ ಕಣ್ಣಿಡದ ಕಪ್ತಾನನ ಹಡಗು ಹತ್ತಲು
ನನಗೇ ಭಯ" ಅನ್ನುತ್ತಿದ್ದ ಅಪ್ಪ.
ಅವನು ಇಳಿದ ಮೇಲೆ ಏಣಿ ಮೇಲಕ್ಕೆ.
ಏಣಿ ಜೋತುಬಿಟ್ಟುಕೊಂಡು
ಯಾವ ಹಡಗೂ ಕಡಲಿಗೆ ಹೊರಡುವುದಿಲ್ಲ.

ಒಂದನ್ನು ಹಾಕಿದೆ. ಯಾವುದೆಂದು ಹೇಳುವುದಿಲ್ಲ,
ಸರಿಯಾದದ್ದೇ ಎಂಬ ಧೈರ್ಯ ನನಗಿಲ್ಲ.
ಬಂದ ಫೋನು ಇಟ್ಟು
ಅವನ ಹಳೆಯ ನಂಬರಿಗೆ ನಾನೇ ಮಾಡಿದೆ.
"ನಿನ್ನ ನಾಯಿಯ ಹೆಸರೇನು?"
ನಕ್ಕ. ಆಮೇಲೆ ಹೇಳಿದ.
ಹೆಸರಿಗಿಂತ ಮೊದಲೇ ನಗು ನಂಬಿಸಿತ್ತು.
ಅಂಕಿ ಓದಿದೆ.

ಬಾಣ ಬಂತು,
ಹೊಸ ಮನೆಯ ಹೊಸಿಲು ದಾಟುವವರ ಹಾಗೆ.
ಸಂಬಳದ ಕಡತದ ಮಗ್ಗುಲಲ್ಲಿ ಹಾದು ಹೋಯಿತು, ತೆರೆಯಲಿಲ್ಲ.
ಮಗಳ ಪತ್ರದ ಹತ್ತಿರ ಒಂದು ಗಳಿಗೆ ನಿಂತಿತೆ?
ಇಲ್ಲ, ಕಡಲಡಿಯ ತಂತಿಗೆ ಉಸಿರು ಕಟ್ಟಿತ್ತೆ?
ಕಾಫಿ ಆರಿತು, ಕಣ್ಣು ಕೀಳಲಿಲ್ಲ.
ಮೂರೂವರೆಗೆ ಚಳಿ ಹದಿನಾಲ್ಕು, ಇನ್ನೂ ಇಳಿಯುತ್ತಿತ್ತು.

"ಕಾಯಂ ಪಾಸ್‌ವರ್ಡ್ ಒಂದು ಇಟ್ಟುಬಿಡಲೆ?
ಮುಂದಿನ ಸಲ ನಿನ್ನ ನಿದ್ದೆ ಕೆಡಿಸುವುದು ಬೇಡ."
ಎಂಥ ಒಳ್ಳೆಯ ಮನುಷ್ಯ.
"ಕೆಡಿಸು" ಅಂದೆ.

ಅವನು ಹೋದ ಮೇಲೆ ತಂತಿ ಕಿತ್ತಿಟ್ಟು
ಬೆಳಗಿನವರೆಗೂ ಪರದೆ ತಡಕಿದೆ.
ಎಲ್ಲ ಇದ್ದ ಹಾಗೇ ಇತ್ತು.
ಎಲ್ಲೂ
ಬೋರಲು ಹಾಕಿದ ಲೋಟವಿರಲಿಲ್ಲ.