ಎಡಗಡೆಯ ಸೀಟು

ಊದು, ಅಂದರು.
ಊದಿದೆ.
ಚಿಕ್ಕಂದಿನಲ್ಲಿ ಪಪ್ಪಾಯದ ದಂಟು ಊದಿದ್ದೇನೆ,
ಅಮ್ಮನ ಹಸಿಸೌದೆಯ ಒಲೆ ಊದಿದ್ದೇನೆ,
ಮಗಳ ಕಣ್ಣಿಗೆ ಬಿದ್ದ ಕಸ ಊದಿದ್ದೇನೆ.
ಊದಿದರೆ ಅಂಕಿಯೂ ಹುಟ್ಟುತ್ತದೆಂದು
ಆ ರಾತ್ರಿ ಗೊತ್ತಾಯಿತು:
ನೂರ ಹದಿನೆಂಟು.

ಕುಡಿದದ್ದು ತಲಪಾಡಿಯ ಆಚೆ, ಅಲ್ಲಿ ಅಗ್ಗ.
ಅಳೆದದ್ದು ಈಚೆ.
ಗಡಿಯ ಗೇಟು ಲಾರಿಗೆ ಉಂಟು, ರಕ್ತಕ್ಕೆ ಎಲ್ಲಿ?

ವಿದ್ಯಾನಗರದಿಂದ ಬಂದ ಕಾಗದ ಮಲೆಯಾಳದಲ್ಲಿತ್ತು.
ಮಾತಾಡಲು ಬರುತ್ತದೆ ನನಗೆ, ಓದಲು ಬರುವುದಿಲ್ಲ.
ಅನ್ಸೀಫ್ ಓದಿದ: ಆರು ತಿಂಗಳು ಅಯೋಗ್ಯತೆ.
"ಅಂದರೆ ಅರ್ಹತೆ ಇಲ್ಲ ಅಂತ, ಐತ್ತಪ್ಪಣ್ಣ, ಬೇರೇನಿಲ್ಲ."
ಅವರ ಭಾಷೆಯಲ್ಲಿ ಬೇರೇನಿಲ್ಲ.
ನಮ್ಮದರಲ್ಲಿ ಅದು
ನನ್ನ ಅತ್ತೆ ಬಾಗಿಲ ಹಿಂದೆ ನಿಂತು ಅನ್ನುವ ಮಾತು.
ಆ ದಿನ ಆಕೆ ಏನೂ ಅನ್ನಲಿಲ್ಲ.
ಸರ್ಕಾರವೇ ಬರೆದು ಕೊಟ್ಟಿತ್ತಲ್ಲ.

ಮಮ್ಮುಂಞಿ ಹಾಜಿ ಬೈಯಲಿಲ್ಲ.
ಕೀಲಿಕೈ ನನ್ನಿಂದ ತೆಗೆದು ಅನ್ಸೀಫನ ಕೈಗೆ ಹಾಕಿದರು,
ನನಗೆ ಬಿಲ್ಲಿನ ಪುಸ್ತಕ.
"ಬ್ರೆಡ್ ಇಳಿಸು. ಅರ್ಧ ಸಂಬಳ."
ಹದಿನೇಳು ವರ್ಷ ಓಡಿಸಿದ ವ್ಯಾನಿನಲ್ಲಿ
ಎಡಗಡೆ ಕೂತೆ, ಮಡಿಲಲ್ಲಿ ಬನ್ನಿನ ಟ್ರೇ.

ಎಡಗಡೆ ಕೂತವನ ಕಾಲಿಗೆ ಬುದ್ಧಿಯಿಲ್ಲ.
ಇಲ್ಲದ ಬ್ರೇಕನ್ನು ಸೀತಾಂಗೋಳಿಯವರೆಗೂ ತುಳಿಯುತ್ತದೆ.
ಅನ್ಸೀಫ್ ನೋಡಿಯೂ ನೋಡದವನಂತೆ
ಸುಮ್ಮನೆ ಒಂದು ಹಾರ್ನ್ ಹೊಡೆಯುತ್ತಿದ್ದ.
ಇಪ್ಪತ್ತೆರಡರ ಹುಡುಗ. ಗೇರು ಹಾಕಲು ಕಲಿಸಿದವನು ನಾನೇ.

ಬಲಗಡೆ ಕೂತವನಿಗೆ ರಸ್ತೆ ಕಾಣುತ್ತದೆ,
ಎಡಗಡೆ ಕೂತವನಿಗೆ ಅಂಚು.
ಅಂಚಿನಲ್ಲಿ ಇಷ್ಟು ಜನ ಇದ್ದಾರೆಂದು ನನಗೆ ಗೊತ್ತಿರಲಿಲ್ಲ.
ಬೀಡಿಯ ಮೊರ ಸೊಂಟಕ್ಕಿಟ್ಟು ಒಬ್ಬರ ಹಿಂದೊಬ್ಬರು ಹೋಗುವ ಹೆಂಗಸರು,
ಬದಿಯಡ್ಕದ ತಿರುವಿನಲ್ಲಿ ಬಿಳಿಗೆರೆಯ ಮೇಲೇ ಮಲಗುವ ನಾಯಿ,
ಮತ್ತೆ ನಾಯ್ಕಾಪಿನಲ್ಲಿ, ದಿನಾ, ಆ ಕಂಬ.

ಕಂಬಕ್ಕೆ ಒರಗಿಸಿದ್ದ ಸೈಕಲ್ಲು ಚಪ್ಪಟೆಯಾದದ್ದು ಅಲ್ಲಿ.
ಹುಡುಗ ಮೂತ್ರಕ್ಕೆಂದು ಪೊದೆಯ ಬದಿಗೆ ಹೋಗಿದ್ದ.
ಯಾರಿಗೂ ಏನೂ ಆಗಲಿಲ್ಲವಲ್ಲ ಮಾರಾಯ, ಎಂದರು ಎಲ್ಲರೂ.
ಹೊಸ ಸೈಕಲ್ಲು ಕೊಡಿಸಿದೆ. ಹಸಿರು ಬಣ್ಣ, ಅವನೇ ಆರಿಸಿದ್ದು.
ಒಂದು ಬೆಳಿಗ್ಗೆ ವ್ಯಾನು ನಿಲ್ಲಿಸಲು ಹೇಳಿ, ಇಳಿದು
ಕಂಬದಿಂದ ಪೊದೆಗೆ ಅಳೆದೆ:
ಐದು ಹೆಜ್ಜೆ.
ನನ್ನ ಹೆಜ್ಜೆ. ಅವನದಾದರೆ ಏಳಿರಬಹುದು.

ಎಡಪ್ಪಾಳದ ತರಗತಿಯಲ್ಲಿ
ಪರದೆಯ ಮೇಲೆ ಒಡೆದ ಗಾಜು ತೋರಿಸಿದರು.
ಪಕ್ಕದ ಟಿಪ್ಪರಿನವನು ಗೊರಕೆ ಹೊಡೆದ.
ಕೊನೆಗೆ ಪ್ರಶ್ನೆ ಕೇಳಿದರು, ಸಿಗ್ನಲ್ಲಿನ ಬಗ್ಗೆ, ಹೆಲ್ಮೆಟ್ಟಿನ ಬಗ್ಗೆ.
ಐದು ಹೆಜ್ಜೆಯ ವಿಷಯ ಯಾರೂ ಕೇಳಲಿಲ್ಲ.

ನಿನ್ನೆ ಕೌಂಟರಿನ ಹುಡುಗಿ
ತಲೆಯೆತ್ತದೆ ಕಾರ್ಡನ್ನು ಕಿಂಡಿಯಿಂದ ತಳ್ಳಿದಳು.
ಫೋಟೋದಲ್ಲಿ ನನ್ನ ಮೀಸೆ ಇನ್ನೂ ಕಪ್ಪು.
ಜೊತೆಗಿದ್ದ ಕಾಗದವನ್ನು ಅನ್ಸೀಫನಿಂದ ಎರಡು ಸಲ ಓದಿಸಿದೆ.
ತಾರೀಕು ಉಂಟು, ಮೊಹರು ಉಂಟು.
ಯೋಗ್ಯ ಎಂಬ ಶಬ್ದ ಎಲ್ಲೂ ಇಲ್ಲ.

ಇವತ್ತು ಬೆಳಗಿನ ಜಾವ ನಾಲ್ಕಕ್ಕೆ
ಹಾಜಿ ಕೀಲಿಕೈಯನ್ನು ತಕ್ಕಡಿಯ ತಟ್ಟೆಯಲ್ಲಿಟ್ಟು
ನಮಾಜಿಗೆ ಹೋದರು.
ಕನ್ನಡಿ ಅನ್ಸೀಫನ ಎತ್ತರಕ್ಕಿತ್ತು,
ನನಗೆ ಬ್ರೆಡ್ಡಿನ ಗೂಡಷ್ಟೇ ಕಂಡಿತು.
ತಗ್ಗಿಸಿದೆ. ಸೀಟು ಒಂದು ಕಚ್ಚು ಮುಂದೆ ಎಳೆದೆ.
ಊದು ಎನ್ನಲು ಯಾರೂ ಇರಲಿಲ್ಲ.
ಅಂಗೈಗೆ ಊದಿ ಮೂಸಿದೆ:
ಚಾ, ಬನ್ನು, ಸ್ವಲ್ಪ ಡೀಸೆಲ್.

ಹೊರಟೆವು.
ನಾಯ್ಕಾಪು ಬರುವಾಗ ಇನ್ನೂ ಕತ್ತಲು.
ಅನ್ಸೀಫ್ ಮಡಿಲಲ್ಲಿ ಟ್ರೇ ಇಟ್ಟು
ಏನೋ ಪೇಟೆಯ ಸುದ್ದಿ ಹೇಳುತ್ತಿದ್ದಾನೆ, ನಗುತ್ತಿದ್ದಾನೆ,
ಅವನ ಬಲಗಾಲು ಮಾತ್ರ
ಇಲ್ಲದ ಬ್ರೇಕನ್ನು ಒತ್ತಿ ಹಿಡಿದಿದೆ.